ಎಡಗೈ ಧರ್ಮಕ್ಕೆ

ಕಬಕದ ಶಾಹಿದಾಳಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಪೇಪರಿನಲ್ಲಿ ಜಾಹೀರಾತು ಕೊಡುವ ತಾಕತ್ತಂತೂ ಇಲ್ಲವೇ ಇಲ್ಲ. ಇದ್ದದ್ದು ಒಂದೇ ಉಪಾಯ. ಶನಿವಾರ ಮಧ್ಯಾಹ್ನ ರುಕಿಯಾಳ ಹೊಲಿಗೆ ಅಂಗಡಿಯ ಜಗಲಿಯಲ್ಲಿ ಕೂತು, ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರಿಗೆ ಧರ್ಮಕ್ಕೆ ಮದರಂಗಿ ಬಿಡಿಸುವುದು. ಅದೂ ಎಡಗೈಗೆ ಮಾತ್ರ. ಬಲಗೈ ಚಾಚಿದರೆ, "ಅದು ನಿನ್ನ ಮನೆ ಮದುವೆಗೆ. ಆಗ ನನ್ನನ್ನೇ ಕರೆಸು" ಎಂದು ನಗುತ್ತಿದ್ದಳು. ಒಂದೇ ಕೈ ಕೆಂಪಾದ ಹುಡುಗಿಯರು ಪುತ್ತೂರು, ಸುಳ್ಯ, ಕಡಬದ ಬಸ್ಸುಗಳಲ್ಲಿ ಕಂಬಿ ಹಿಡಿದು ನಿಂತರೆ ಕೇಳದೆ ಬಿಡುವ ಜನ ನಮ್ಮವರಲ್ಲ. ಕೇಳಿದವರಿಗೆಲ್ಲ ಶಾಹಿದಾಳ ಹೆಸರು ಸಿಗುತ್ತಿತ್ತು. ಫ್ಲೆಕ್ಸ್ ಕಟ್ಟಿಸಿದವರಿಗೂ ಇಷ್ಟು ಹೆಸರು ಬಂದಿರಲಿಕ್ಕಿಲ್ಲ.

ಹೆಸರು ಸವಣೂರಿನ ಅಲೀಮಮ್ಮನ ಮನೆಗೂ ಮುಟ್ಟಿತು. ಅವರ ಮಗಳು ಸಫಿಯಾಳ ಮದುವೆ. ಶಾಹಿದಾಳಿಗೆ ಮದುಮಗಳ ಕೈ ಸಿಕ್ಕಿದ್ದು ಅದೇ ಮೊದಲು. ಮದುವೆಗೆ ಬಂದ ಅಷ್ಟೂ ಹೆಂಗಸರು ಆ ಕೈ ಹಿಡಿದು ನೋಡುತ್ತಾರೆ. ಅಲ್ಲಿ ಗೆದ್ದರೆ ಬದುಕು, ಸೋತರೆ ಜಗಲಿಯೂ ಇಲ್ಲ.

ಮದರಂಗಿಯ ದಿನ ಬೆಳಿಗ್ಗೆ ಸವಣೂರು ಬಸ್ಸಿನಲ್ಲಿ ಕೂತಿದ್ದಾಗ ಫೋನಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಕೈತುಂಬ ನೀರುಗುಳ್ಳೆ. ಕೆಳಗೆ ಯಾರೋ ಬರೆದಿದ್ದರು: "ಕಡಬದ ತನ್ಮಯೀ. ಕಬಕದ ಶಾಹಿದಾ ಹಾಕಿದ ಮದರಂಗಿ. ಜಾಗ್ರತೆ."

ಕಳೆದ ಶನಿವಾರ ಶಾಹಿದಾ ಆ ಹುಡುಗಿಗೆ ಬಿಡಿಸಿದ್ದು ಹೌದು. ಎಲೆಪುಡಿ, ಲಿಂಬೆರಸ, ಸಕ್ಕರೆ, ನೀಲಗಿರಿ ಎಣ್ಣೆ. ಬೇರೆ ಎಂತ ಹಾಕಿದ್ದೆ? ಎಂತದೂ ಹಾಕಿರಲಿಲ್ಲ. ಆದರೂ ಚೀಲದಲ್ಲಿದ್ದ ಮದರಂಗಿ ಕೋನ್‌ಗಳನ್ನು ಮುಟ್ಟಲು ಅವಳಿಗೇ ಹೆದರಿಕೆಯಾಯಿತು.

ಅಂಗಳ ಹೊಕ್ಕಾಗ ಹೆಂಗಸರೆಲ್ಲ ಒಂದೇ ಫೋನಿಗೆ ಬಗ್ಗಿ ನೋಡುತ್ತಿದ್ದರು. ಅಲೀಮಮ್ಮ ಫೋನನ್ನು ಮುಖಕ್ಕೇ ಹಿಡಿದರು. "ಇದೆಂತ ಶಾಹಿದಾ? ನನ್ನ ಮಗಳ ಕೈ ಹೀಗಾದ್ರೆ ಗಂಡಿನ ಮನೆಯವರಿಗೆ ನಾನು ಎಂತ ಹೇಳುದು? ನೀನು ವಾಪಸ್ ಹೋಗುದೇ ಒಳ್ಳೇದು."

ಬಸ್ಸಿನಲ್ಲಿ ಶಾಹಿದಾ ನೋಡಿದ್ದು ಗುಳ್ಳೆಗಳನ್ನು ಮಾತ್ರ. ಈಗ ಅಲೀಮಮ್ಮನ ದೊಡ್ಡ ಫೋನಿನಲ್ಲಿ ಕೈ ಕಂಡಿತು.

"ಉಮ್ಮ, ಹೆಬ್ಬೆರಳು ಯಾವ ಕಡೆ ಉಂಟು ನೋಡಿ. ಇದು ಬಲಗೈ. ನಾನು ಬಲಗೈಗೆ ಹಾಕುದೇ ಇಲ್ಲ."

"ಫೋಟೋ ಹೇಗೆ ಬೇಕಾದ್ರೂ ತಿರುಗಿಸ್ಲಿಕ್ಕೆ ಆಗ್ತದೆ," ಹಿಂದಿನಿಂದ ಒಬ್ಬಳು ಕೊಂಕು ತೆಗೆದಳು.

ಶಾಹಿದಾ ಜಗಲಿಯಲ್ಲಿ ಬರೆದುಕೊಂಡಿದ್ದ ನಂಬರಿಗೆ, ಎಲ್ಲರ ಎದುರೇ ತನ್ಮಯೀಗೆ ವಿಡಿಯೋ ಕಾಲ್ ಮಾಡಿದಳು. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಅತ್ತು ಊದಿದ ಮುಖ ಕಂಡಿತು.

"ಎರಡೂ ಕೈ ತೋರಿಸು."

ಎಡಗೈಯಲ್ಲಿ ಶಾಹಿದಾಳ ಬಳ್ಳಿ ಚೆನ್ನಾಗಿ ಕೆಂಪೇರಿತ್ತು. ಬಲಗೈಗೆ ಮುಲಾಮು ಹಚ್ಚಿತ್ತು.

"ಬಸ್ಸಲ್ಲಿ ಎಲ್ರೂ ನೆಗಾಡಿದ್ರು ಅಕ್ಕ," ತನ್ಮಯೀ ಬಿಕ್ಕಿದಳು. "ಅರ್ಧ ಮದುಮಗಳು ಅಂತ ಹೆಸರಿಟ್ರು. ಅದಕ್ಕೆ ಹತ್ತು ನಿಮಿಷದಲ್ಲಿ ಕಪ್ಪಾಗುವ ಕೋನ್ ತಂದು ಇನ್ನೊಂದು ಕೈಗೆ ನಾನೇ ಹಾಕಿದೆ. ಫೋಟೋ ಕಳಿಸಿದ್ದು ನಾನಲ್ಲ, ದೇವರಾಣೆ."

ಅಲೀಮಮ್ಮನ ಮುಖ ಸಡಿಲಾಯಿತು. "ಇದನ್ನೇ ಗ್ರೂಪಿಗೆ ಹಾಕು ಮಾರಾಯ್ತಿ! ಒಂದು ಕೈ ನಿನ್ನದು, ಒಂದು ಕೈ ಪೇಟೆಯದ್ದು. ಇದಕ್ಕಿಂತ ದೊಡ್ಡ ಪ್ರಚಾರ ಬೇಕಾ?"

ಮಾತು ನಿಜ. ಬಿಡಿಗಾಸು ಖರ್ಚಿಲ್ಲದೆ ಮೂರು ತಾಲೂಕಿಗೆ ಮುಟ್ಟುವ ಪ್ರಚಾರ. ಶಾಹಿದಾಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಅಷ್ಟರಲ್ಲಿ ಫೋನಿನೊಳಗೆ ತನ್ಮಯೀ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಇವತ್ತೇ ಡಾಕ್ಟರಿಗೆ ತೋರಿಸು, ಆಯ್ತಾ?" ಎಂದು ಶಾಹಿದಾ ಫೋನಿಟ್ಟಳು. "ಬೇಡ ಉಮ್ಮ. ಗುಳ್ಳೆ ನನ್ನದಲ್ಲ. ಆದ್ರೆ ಅವಳನ್ನು ಅರ್ಧ ಮಾಡಿ ಬಸ್ಸು ಹತ್ತಿಸಿದ್ದು ನಾನೇ."

"ಹಾಗಾದ್ರೆ ನಿನ್ನ ಹೆಸರು? ಆ ಫೋಟೋ ಇನ್ನೂ ಓಡ್ತಾ ಉಂಟಲ್ಲ!"

"ಹೋದ್ರೆ ಹೋಗ್ಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಹೆದರಿಕೆ ಉಂಟು," ಎಂದಳು ಶಾಹಿದಾ. ಚೀಲದಿಂದ ಕೋನ್ ತೆಗೆದು ತುದಿ ಕತ್ತರಿಸಿದಳು. "ಸಫಿಯಾ, ಕೈ ಕೊಡು."