ಪ್ಲೂಟೊ ಪಟ್ಟಿ ಬಿಟ್ಟ ದಿನದ ಫೋನುಗಳು

ತಾರಾಲಯದಲ್ಲಿ ಫೋನ್ ಎತ್ತುವ ಕೆಲಸಕ್ಕೆ ಅವಳು ಸೇರಿ ಹದಿನೆಂಟು ವರ್ಷವಾಗಿತ್ತು. ಪ್ರದರ್ಶನ ಎಷ್ಟು ಗಂಟೆಗೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಇಷ್ಟು ಹೇಳಿದರೆ ಮುಗಿಯಿತು. ಆದರೆ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದರೆಂಬ ಸುದ್ದಿ ಬಂದ ಬೆಳಿಗ್ಗೆ ಕುರ್ಚಿಗೆ ಬೆನ್ನು ತಾಗಿಸಲೂ ಪುರುಸೊತ್ತಾಗಲಿಲ್ಲ.

"ಯಾರನ್ನ ಕೇಳಿ ತೆಗೆದ್ರಿ?" ಎಂದು ಒಬ್ಬ ರೇಗಿದ. ಒಬ್ಬಾಕೆ, "ಮಗು ಊಟ ಬಿಟ್ಟು ಅಳ್ತಿದೆ, ನೀವೇ ಒಂದು ಮಾತು ಹೇಳಿ" ಎಂದು ರಿಸೀವರನ್ನು ಮಗುವಿನ ಕಿವಿಗೆ ಹಿಡಿದಳು.

"ಅದೆಲ್ಲೂ ಹೋಗಿಲ್ಲ ಪುಟ್ಟಾ, ಇದ್ದಲ್ಲೇ ಇದೆ. ಇನ್ಮೇಲೆ ಕುಬ್ಜಗ್ರಹ ಅಂತಾರೆ, ಅಷ್ಟೆ." ತಾರಾಲಯದ ವಿಜ್ಞಾನಿ ಬೆಳಿಗ್ಗೆ ಬರೆದುಕೊಟ್ಟ ಚೀಟಿ ನೋಡಿಕೊಂಡೇ ಹೇಳಿದಳು.

ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಅವರು ರೇಗಲಿಲ್ಲ.

"ಎಂಟೇ ಗ್ರಹ ಅಂದಿದ್ದಕ್ಕೆ ಒಂದು ಹುಡುಗೀನ ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗವಳು ಎಲ್ಲಿದಾಳೋ. ಹೋಗ್ಲಿ, ನೀವು ಪ್ಲೂಟೊನ ಕಣ್ಣಾರೆ ನೋಡಿದೀರಾ ಅಮ್ಮಾ?"

"ಇಲ್ಲ ಮೇಷ್ಟ್ರೆ."

"ನಾನೂ ನೋಡಿಲ್ಲ" ಎಂದರು. ಅವಳು ಅವರ ನಂಬರು ಬರೆದಿಟ್ಟುಕೊಂಡಳು.

ಮನೆಗೆ ಹೋದರೂ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದವಳನ್ನು ನೋಡಿ ಅಕ್ಕ ನಕ್ಕಳು: "ಗ್ರಹ ಹೋದ್ರೂ ನಿನ್ನ ಗ್ರಹಚಾರ ಹೋಗ್ಲಿಲ್ಲ ನೋಡು!" ಅವಳಿಗೆ ನಗು ಬರಲಿಲ್ಲ. ಇಷ್ಟು ವರ್ಷ ಏನನ್ನೂ ನೋಡದೆ ಉತ್ತರ ಕೊಟ್ಟೆನಲ್ಲ ಎಂಬುದು ಮನಸ್ಸನ್ನು ಕೊರೆಯುತ್ತಿತ್ತು.

ಮರುದಿನ ವಿಜ್ಞಾನಿಯನ್ನೇ ಕೇಳಿದಳು: "ನೀವು ನೋಡಿದೀರಾ ಸಾರ್?"

"ಫೋಟೋದಲ್ಲಿ ಮಾತ್ರ. ನಮ್ಮ ದೂರದರ್ಶಕಕ್ಕೆ ಅದು ಸಿಗಲ್ಲ" ಎಂದು ಆಕಾಶದ ಒಂದೇ ಭಾಗವನ್ನು ಬೇರೆ ಬೇರೆ ದಿನ ತೆಗೆದ ಎರಡು ಫೋಟೋ ಹುಡುಕಿಕೊಟ್ಟರು. "ಎಲ್ಲಾ ಚುಕ್ಕೆ ಇದ್ದಲ್ಲೇ ಇರುತ್ವೆ. ಒಂದು ಮಾತ್ರ ಜರುಗಿರುತ್ತೆ. ಅದೇ ಪ್ಲೂಟೊ."

ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು. ಗಂಟೆಯೊಳಗೆ ಅವರು ಭೂತಗನ್ನಡಿ ಹಿಡಿದು ಬಂದರು. ಇಬ್ಬರೂ ಮೇಜಿನ ಮೇಲೆ ಬಗ್ಗಿ ಹುಡುಕಿದರು. ನಡುವೆ ನಾಲ್ಕು ಸಲ ಫೋನ್ ಬಂತು. ಕೊನೆಗೆ ಜರುಗಿದ ಚುಕ್ಕೆಯ ಮೇಲೆ ಅವಳ ಬೆರಳೇ ಮೊದಲು ನಿಂತಿತು.

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಈ ಪಟ್ಟೀನ ಮತ್ತೆ ಬದಲಾಯಿಸ್ತಾರಾ?"

"ಗೊತ್ತಿಲ್ಲ ಮೇಷ್ಟ್ರೆ."

ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮುಂದಿನ ವಾರ ಇನ್ನೊಂದು ಪ್ರಶ್ನೆ ತಂದರು, ಅದರ ಮುಂದಿನ ವಾರ ಎರಡು. ಗೊತ್ತಿಲ್ಲದ್ದನ್ನು ಅವಳು ವಿಜ್ಞಾನಿಯ ಬಳಿ ಕೇಳಿಕೊಂಡು ಬರುತ್ತಿದ್ದಳು. ಊಟದ ಬಿಡುವಿನಲ್ಲಿ ಪ್ರದರ್ಶನದ ಕೋಣೆಗೂ ಹೋಗತೊಡಗಿದಳು, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ. ಹಿಂದಿನ ಸಾಲಿನಲ್ಲಿ, ಫೋನ್ ಸದ್ದು ಕೇಳುವಂತೆ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು.