ಹುಬ್ಬಳ್ಳಿಯಲ್ಲಿದ್ದ ಅಪ್ಪ

ತರೀಕೆರೆಯಲ್ಲಿ ನಾನು ಟೀಚರಾಗಿದ್ದಾಗ, ಮಗು ಶಾಲೆಗೆ ಬಾರದ್ದಕ್ಕೆ ಕಾರಣ ಹೇಳಲು ತಾಯಂದಿರು ಬರುತ್ತಿದ್ದರು. ಸೆರಗನ್ನು ಬಾಯಿಗೆ ಹಿಡಿದು, ಅತ್ತಿತ್ತ ನೋಡಿ, ಅವರು ಶುರು ಮಾಡುವ ಮೊದಲೇ ನಾನು "ಮನೇಲಿ ಕೆಲ್ಸ ಇತ್ತು ಅನ್ನಿ, ಸಾಕು" ಎಂದುಬಿಡುತ್ತಿದ್ದೆ. ಅಮೃತಾಪುರದಿಂದ ಬಸ್ಸು ಹಿಡಿದು ಬಂದಿದ್ದ ಒಬ್ಬಾಕೆಗೆ ಅಳುವುದಕ್ಕೂ ಬಿಡಲಿಲ್ಲ. ಈ ಟೀಚರಮ್ಮನಿಗೆ ಎಷ್ಟು ಕೊಬ್ಬು ಎಂದು ಆಡಿಕೊಂಡರಂತೆ. ಕೊಬ್ಬಲ್ಲ, ಹೆದರಿಕೆ.

ಅಜ್ಜಂಪುರದಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಎಪ್ಪತ್ತರ ದಶಕದಲ್ಲಿ, ನಾನು ಏಳನೇ ತರಗತಿಯಲ್ಲಿದ್ದ ವರ್ಷ, ಅಪ್ಪನಿಗೆ ತಲೆ ಕೆಟ್ಟಿತು. ಹೀಗೆ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಬಟ್ಟೆಯ ಮಡಿಕೆಯೊಳಗೆ ಯಾರೋ ಮಾತಾಡುತ್ತಾರೆಂದು ಥಾನುಗಳನ್ನೆಲ್ಲ ಬಿಚ್ಚಿ ಹರವಿಕೊಂಡು ಕೂರುತ್ತಿದ್ದ. ಸೋದರಮಾವ ಬಂದು ಅವನನ್ನು ಧಾರವಾಡಕ್ಕೆ ಕರೆದೊಯ್ದರು. ಧಾರವಾಡ ಅಂದರೆ ನಮ್ಮೂರಲ್ಲಿ ಹುಚ್ಚಾಸ್ಪತ್ರೆ ಎಂದೇ ಅರ್ಥ. ಹುಡುಗರು ಜಗಳದಲ್ಲಿ "ನಿನ್ನ ಧಾರವಾಡಕ್ಕೆ ಕಳಿಸ್ಬೇಕು ಕಣೋ" ಎಂದು ಬೈದುಕೊಳ್ಳುತ್ತಿದ್ದರು. ಹಾಗಾಗಿ ಊರಿಗೆ ನಾವು ಹೇಳಿದ್ದು ಹುಬ್ಬಳ್ಳಿ. ಅಪ್ಪ ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡುತ್ತಿದ್ದಾನೆ. ಹೊರಡುವ ಮೊದಲು ಅವನೇ, ಬುದ್ಧಿ ತಿಳಿಯಾಗಿದ್ದ ಒಂದು ಗಳಿಗೆಯಲ್ಲಿ, ಯಾರಿಗೂ ಹೇಳಕೂಡದೆಂದು ಅವ್ವನಿಂದ ತನ್ನ ಕೊರಳಿನ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ.

ಅವನನ್ನು ನೋಡಲು ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗಬೇಕು. ಸ್ಟೇಷನ್ನಿನ ಬೋರ್ಡು ಓದಲು ಅವ್ವನಿಗೆ ಬಾರದು, ಜೊತೆಗೆ ನಾನೇ ಆಗಬೇಕು. ನನ್ನ ಗೈರುಹಾಜರಿ ಹೆಚ್ಚಿ ಏಳನೇ ಕ್ಲಾಸಿನ ಮೇಷ್ಟ್ರು ಮನೆಗೇ ಬಂದಾಗ ಅವ್ವ ಬೇರೆ ದಾರಿ ಕಾಣದೆ ಹೇಳಿದಳು.

"ನಿಮ್ ಹೊಟ್ಟೇಲಿರ್ಲಿ ಮೇಷ್ಟ್ರೇ."

"ಯೋಚ್ನೆ ಬಿಡಿ ಕಣ್ರಮ್ಮ. ಹುಡುಗೀನ ನಾನ್ ನೋಡ್ಕತೀನಿ."

ನೋಡಿಕೊಂಡರು. ಅವರಷ್ಟು ಒಳ್ಳೆಯ ಮೇಷ್ಟ್ರನ್ನು ನಾನು ಕಂಡಿಲ್ಲ; ಕೋಲು ಮುಟ್ಟಿದವರಲ್ಲ. ಆದರೆ ಅವರಿಗೊಂದು ಚಾಳಿಯಿತ್ತು. ನೀತಿಪಾಠಕ್ಕೆ ಪುಸ್ತಕದ ಕಥೆ ಸಾಲದೆ, ನಮ್ಮನ್ನೇ ಉದಾಹರಣೆ ಮಾಡಿ ಹೊಗಳುತ್ತಿದ್ದರು. ಯಗಟಿ ಕಡೆಯ ಒಬ್ಬ ಹುಡುಗ ಹಾಸಿಗೆ ಹಿಡಿದ ಅಜ್ಜಿಯ ಹೇಸಿಗೆ ಬಟ್ಟೆ ಒಗೆಯುತ್ತಾನೆಂದು ಮೆಚ್ಚಿ ಹೇಳಿದ ಮೇಲೆ, ಅವನ ಪಕ್ಕದಲ್ಲಿ ಊಟಕ್ಕೆ ಯಾರೂ ಕೂರಲಿಲ್ಲ. ಮೇಷ್ಟ್ರಿಗೆ ಅದು ಕಾಣಲೇ ಇಲ್ಲ.

ನನ್ನ ಸರದಿ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಬಂತು. ಲೆಕ್ಕದ ಪರೀಕ್ಷೆಯಲ್ಲಿ ನಾನೇ ಮೊದಲು. ಮುಂದೆ ಕರೆದು, ಹೆಗಲ ಮೇಲೆ ಕೈಯಿಟ್ಟರು. "ಇವಳಪ್ಪ ಧಾರವಾಡದ ಆಸ್ಪತ್ರೇಲಿದಾರೆ. ಹೋಗಿ ನೋಡ್ಕಂಡ್ ಬಂದು, ರೈಲಿಳಿದು ಪರೀಕ್ಷೆ ಬರ್ದವಳೆ. ನಿಮಗೇನ್ರೋ ಬಂದಿರೋದು? ಚಪ್ಪಾಳೆ ಹೊಡೀರಿ!" ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ಇಡೀ ಶಾಲೆ ಚಪ್ಪಾಳೆ ಹೊಡೆಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಪ್ಪಾಳೆ ನಿಂತ ಮೇಲೂ ಲಂಗ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಊರಿಗೆ ಗೊತ್ತಾಗಿದೆಯೆಂದು ತಿಳಿಯದೆ ಉಳಿದವಳು ಅವ್ವ ಒಬ್ಬಳೇ. ಬಾವಿಕಟ್ಟೆಯಲ್ಲಿ ಅವಳು "ಹುಬ್ಳೀಲಿ ಈ ಸಲ ವ್ಯಾಪಾರ ಚೆನ್ನಾಗಿದ್ಯಂತೆ" ಎನ್ನುವಳು, ಹೆಂಗಸರು "ಹೌದಾ, ಒಳ್ಳೇದಾಯ್ತು ಬಿಡವ್ವ" ಎನ್ನುವರು. ಪಕ್ಕದಲ್ಲಿ ಕೊಡ ಹಿಡಿದು ನಿಂತ ನನಗೆ ಅವಳ ಬಾಯಿ ಮುಚ್ಚಿಸುವ ಧೈರ್ಯವೂ ಬರಲಿಲ್ಲ. ನಾಚಿಕೆಯೆಂದರೆ ಏನೆಂದು ಕಲಿತದ್ದು ಅಲ್ಲಿಯೇ.

ಅಪ್ಪ ಗುಣವಾಗಿ ಬಂದು ಅಂಗಡಿ ತೆರೆದ. ಹುಬ್ಬಳ್ಳಿಯ ಬಜಾರಿನ ಕಥೆಗಳನ್ನು ಚೆನ್ನಾಗಿಯೇ ಕಟ್ಟಿಕೊಂಡು ಬಂದಿದ್ದ. ಜನ ತಲೆದೂಗಿ ಕೇಳಿದರು. ಮೀಟರಿನ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿ ಹಾಕುವವನೆಂದು ಅಪ್ಪನಿಗೆ ಸುತ್ತಮುತ್ತ ಹೆಸರಿತ್ತು. ಬುಕ್ಕಾಂಬುಧಿಯಿಂದ ಮದುವೆ ಜವಳಿಗೆ ಬರುವವರು ಅವನ ಅಳತೆಯನ್ನು ನೋಡುತ್ತಲೂ ಇರಲಿಲ್ಲ. ಈಗ ಅದೇ ಜನ, ಮಗುವಿಗೆ ಹೇಳುವ ಹಾಗೆ ಮೆತ್ತಗೆ, "ಇನ್ನೊಂದ್ಸಲ ಅಳೀರಿ ಯಜಮಾನ್ರೇ" ಎನ್ನತೊಡಗಿದರು. ಅಪ್ಪ ಇನ್ನೊಮ್ಮೆ ಅಳೆಯುತ್ತಿದ್ದ. ಸರಿಯಾಗಿಯೇ ಇರುತ್ತಿತ್ತು. ಮುಂದಿನ ಗಿರಾಕಿಗೆ, ಕೇಳುವ ಮೊದಲೇ, ತಾನಾಗಿ ಎರಡು ಸಲ ಅಳೆದ.

ಒಂದು ಸಂಜೆ ಬಾಗಿಲು ಹಾಕುವಾಗ, ಅಳತೆಯ ಕಡ್ಡಿಯನ್ನು ಮೂಲೆಗಿಟ್ಟು, ನನ್ನ ಕಡೆ ತಿರುಗದೆ ಕೇಳಿದ.

"ಊರಿಗೆ ಯಾರು ಹೇಳಿದ್ದವ್ವ?"

ಒಳಗೆ ಅವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಅವಳ ಕೈ ನಿಂತದ್ದು ನನಗೆ ಕಂಡಿತು. ಮೇಷ್ಟ್ರು ಎಂದರೆ, ಮೇಷ್ಟ್ರಿಗೆ ಹೇಳಿದ್ದು ಯಾರು ಎಂಬ ಮಾತು ಬರುತ್ತಿತ್ತು. ಅಪ್ಪನಿಗೆ ಉಳಿದಿದ್ದ ನಂಬಿಕೆ ಅವ್ವನ ಆಣೆಯೊಂದೇ.

"ನಾನೇ ಅಪ್ಪ. ಕ್ಲಾಸಲ್ಲಿ ಬಾಯಿ ತಪ್ಪಿ ಹೇಳ್ಬಿಟ್ಟೆ."

ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡು. ಸಣ್ಣೋಳು" ಎಂದ, ಅಷ್ಟೆ. ಧಾರವಾಡದ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ತನ್ನ ಭಯಗಳನ್ನೆಲ್ಲ ನನ್ನೊಬ್ಬಳಿಗೇ ಹೇಳಿಕೊಂಡಿದ್ದ ಅಪ್ಪ ಆಮೇಲೆ ನನ್ನೊಡನೆ ಮಳೆ, ಬೆಳೆ, ಊಟದ ಮಾತು ಮಾತ್ರ ಆಡಿದ.

ಎಂಬತ್ತರ ದಶಕದಲ್ಲಿ ಆ ಕಾಯಿಲೆ ಮರುಕಳಿಸಿತು. ಮಡಿಕೆಗಳೊಳಗಿನ ಮಾತು ಅವನಿಗೆ ಮತ್ತೆ ಕೇಳಿಸತೊಡಗಿ ತಿಂಗಳುಗಳಾಗಿದ್ದವಂತೆ, ಯಾರಿಗೂ ಹೇಳಿರಲಿಲ್ಲ. ಊಟ ಬಿಟ್ಟು ಬಿದ್ದುಕೊಂಡ ಮೇಲೆ ಕಡೂರಿನ ಡಾಕ್ಟರ ಆಸ್ಪತ್ರೆಗೆ ಸೇರಿಸಿದರು. ನಾನು ತರೀಕೆರೆಯಿಂದ ಓಡಿ ಬಂದೆ.

"ಮೊದ್ಲೇ ನಂಗ್ಯಾಕಪ್ಪ ಹೇಳ್ಲಿಲ್ಲ?"

ಅಪ್ಪ ನಕ್ಕ. ಕೋಪವೇನೂ ಇರಲಿಲ್ಲ, ತಮಾಷೆಗೇ ಅಂದದ್ದು. "ನಿಂಗ್ ಹೇಳೋದೂ ಒಂದೇ, ಡಂಗುರ ಸಾರೋದೂ ಒಂದೇ, ಅಲ್ವೇನವ್ವ?"

ಅವ್ವ ಮಜ್ಜಿಗೆ ಲೋಟ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಅಪ್ಪನಿಗೆ ಮಜ್ಜಿಗೆ ಕುಡಿಸತೊಡಗಿದಳು.