ಓಡದ ಟ್ಯಾಕ್ಸಿಯಲ್ಲಿ ಬ್ಯಾಟರಿ ಬೆಸುಗೆ

ಬೆಳಗಿನ ಐದೂವರೆ. ಟ್ರಿಪೋಲಿಯ ಮೀನಾ ಎಂಬ ಬಂದರು ಪೇಟೆಯ ನಮ್ಮ ಓಣಿಯಲ್ಲಿ ರೊಟ್ಟಿ ಭಟ್ಟಿಯವನನ್ನು ಬಿಟ್ಟರೆ ಎದ್ದಿರುವವರು ಒಬ್ಬರೇ. ಗೋಡೆಗೆ ತಾಗಿಸಿ ನಿಲ್ಲಿಸಿದ ಹಳೆಯ ಟ್ಯಾಕ್ಸಿಯ ಬಾನೆಟ್ ತೆರೆದಿದೆ. ಅಲ್ಲಿಂದ ಎರಡು ದಪ್ಪ ವೈರುಗಳು ಕಿಟಕಿ ಹಾದು ಮುಂದಿನ ಸೀಟಿಗೆ ಬಂದಿವೆ. ಸೀಟಿನಲ್ಲಿ ಐವತ್ತಾರರ ನಝೀಹಾ. ತೊಡೆಯ ಮೇಲೆ ತರಕಾರಿ ಹೆಚ್ಚುವ ಹಲಗೆ, ಅದರ ಮೇಲೆ ಸಾಲಾಗಿ ಬೆರಳುದ್ದದ ಬ್ಯಾಟರಿ ಸೆಲ್ಲುಗಳು. ಸೆಲ್ಲಿನ ತಲೆಗೆ ನಿಕ್ಕಲ್ ಪಟ್ಟಿ ಇಟ್ಟು, ಪೆನ್ನಿನಂಥ ಎರಡು ತಾಮ್ರದ ಮೊನೆಗಳನ್ನು ಒತ್ತಿ, ಕಾಲಲ್ಲಿ ಗುಂಡಿ ತುಳಿಯುತ್ತಾರೆ. ಚಿಟ್! ಸಣ್ಣದೊಂದು ಕಿಡಿ. ಇಕ್ಕಳದಿಂದ ಪಟ್ಟಿ ಜಗ್ಗಿ ನೋಡುತ್ತಾರೆ. ಕಿತ್ತು ಬರಲಿಲ್ಲ. ಮುಂದಿನ ಸೆಲ್ಲು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಚೀಲ ಸಮೇತ ಒಬ್ಬರು ಕೂರುತ್ತಾರೆ.

"ಬಸ್ ಸ್ಟ್ಯಾಂಡಿಗೆ ಬಿಡಮ್ಮ."

"ಇದು ಹೋಗಲ್ಲಪ್ಪ."

"ಇನ್ನೂ ಎಷ್ಟು ಹೊತ್ತಾಗುತ್ತೆ?"

"ನಿಂತು ಎರಡು ವರ್ಷ ಆಯ್ತು. ಇಳೀರಿ. ಹಾಂ, ಮನೇಲಿ ಸತ್ತ ಬ್ಯಾಟರಿ ಏನಾದ್ರೂ ಬಿದ್ದಿದ್ಯಾ?"

ಮಗನ ಹೆಸರು ಹಿಡಿದು ಓಣಿಯವರೆಲ್ಲ ಅವರನ್ನು ಉಮ್ ಮಾಹಿರ್, ಅಂದರೆ ಮಾಹಿರನ ತಾಯಿ, ಎನ್ನುತ್ತಾರೆ. ಕಸುಬು ಹೊಲಿಗೆ. ಶಾಲೆಯ ಸಮವಸ್ತ್ರ, ಕಿತ್ತುಹೋದ ಜಿಪ್ಪು, ದಪ್ಪಗಾದವರ ಕೋಟು. ಕರೆಂಟು ನೆಂಟರ ಹಾಗೆ ಬಂದು ಹೋಗುವ ಊರಿದು. ಅದಕ್ಕೇ ಹೊಲಿಗೆ ಯಂತ್ರಕ್ಕೊಂದು ಬ್ಯಾಟರಿ ಇಟ್ಟುಕೊಂಡಿದ್ದರು. ಅದೂ ಒಂದು ದಿನ ಕೈಕೊಟ್ಟಿತು. ರಿಪೇರಿಯವನು "ಎಸೆದು ಹೊಸದು ತಗೊಳ್ಳಿ" ಎಂದ. ಎಸೆಯುವ ಮುನ್ನ ಇವರು ಹೊಲಿಗೆ ಬಿಚ್ಚುವ ಕತ್ತಿಯಿಂದ ಅದರ ಹೊದಿಕೆ ಸೀಳಿ ನೋಡಿದರು.

"ಒಳಗೆ ಇಪ್ಪತ್ತು ಸೆಲ್ಲು. ಸತ್ತಿದ್ದು ಎರಡೇ. ಎರಡು ಗುಂಡಿ ಉದುರಿತು ಅಂತ ಅಂಗೀನೇ ಬಿಸಾಕ್ತಾರಾ?"

ಮೊದಲು ಗಂಡನ ಬೆಸುಗೆ ಕಡ್ಡಿಯಲ್ಲಿ ಪ್ರಯತ್ನಿಸಿದರು. ಬಿಸಿಗೆ ಸೆಲ್ಲು ಕೆಟ್ಟಿತು, ಕಿಟಕಿಯ ಪರದೆಗೆ ತೂತು ಬಿತ್ತು. ಇದಕ್ಕೆ ಕ್ಷಣಮಾತ್ರ ತಗುಲಿ ಬಿಡುವ ಸ್ಪಾಟ್ ವೆಲ್ಡರೇ ಬೇಕು ಎಂದು ಗೊತ್ತಾಯಿತು. ಹೊಲಿಗೆಯಿಂದ ಬರುವುದು ಹೊಟ್ಟೆಗೇ ಸರಿಹೋಗುತ್ತಿದ್ದುದರಿಂದ ಮನೆಯ ಟೀವಿ ಮಾರಿ ಅದನ್ನು ಕೊಂಡರು. ಫುಟ್ಬಾಲ್ ಪಂದ್ಯವಿದ್ದ ಸಂಜೆ ಗಂಡ ಫೌಜಿ ಕಡಲೆಕಾಯಿ ಹುರಿಸಿಕೊಂಡು ಬಂದು ಕೂತರು.

"ಏನೇ, ಟೀವಿ ಎಲ್ಲಿ?"

"ಅಲ್ಲೇ ಇದ್ಯಲ್ಲ, ಆ ಡಬ್ಬಿ."

"ಅದರಲ್ಲಿ ಮ್ಯಾಚ್ ಬರುತ್ತಾ?"

"ಕಿಡಿ ಬರುತ್ತೆ. ನೋಡ್ತಾ ಕೂತ್ಕೊಳ್ಳಿ."

ಕಿಡಿಯೇನೋ ಬಂತು. ಜೊತೆಗೆ ಇಡೀ ಕಟ್ಟಡ ಕತ್ತಲಾಯಿತು. ಓಣಿಯ ಜನರೇಟರಿನಿಂದ ಕಟ್ಟಡಕ್ಕೆ ಸಿಗುವ ಸಣ್ಣ ಪಾಲಿಗೆ ಆ ಯಂತ್ರದ ಗುಟುಕು ದೊಡ್ಡದಾಗಿತ್ತು. ಕಟ್ಟಡ ಸಮಿತಿಯ ಅಧ್ಯಕ್ಷ, ನಿವೃತ್ತ ಭೂಗೋಳದ ಮೇಷ್ಟ್ರು ಲಬೀಬ್, ಮೂವತ್ತು ಮೊಟ್ಟೆಯ ಟ್ರೇ ಹಿಡಿದು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟಿನಲ್ಲಿ ಸಿಕ್ಕಿಬಿದ್ದರು. ಮೊದಲ ಮಹಡಿಯಲ್ಲಿರುವ ನನಗೂ ಅವರ ಕೂಗು ಸ್ಪಷ್ಟವಾಗಿ ಕೇಳಿಸಿತು.

"ಉಮ್ ಮಾಹಿರ್! ಈಗ ಇಳಿಸ್ತೀಯೋ, ಇಲ್ಲಾ ಇವು ಮರಿ ಆಗೋತನಕ ಕಾವು ಕೊಡ್ಲೋ?"

ಮಾರನೆಯ ದಿನ ಸಮಿತಿ ಸೇರಿತು. ಕಟ್ಟಡದೊಳಗೆ ಕಿಡಿ ಹಾರಿಸಕೂಡದು ಎಂದು ತೀರ್ಪಾಯಿತು. ನಝೀಹಾ ಅಂಗಡಿಯವನಿಗೆ ಯಂತ್ರ ಹಿಂದಿರುಗಿಸಿ, ಕಾರಿನ ಬ್ಯಾಟರಿಯಿಂದ ನಡೆಯುವಂಥದ್ದನ್ನು ತಂದರು. ಪೆಟ್ರೋಲಿಗೆ ದುಡ್ಡಿಲ್ಲದೆ ನಿಂತಿದ್ದ ಗಂಡನ ಟ್ಯಾಕ್ಸಿ ಕಟ್ಟಡದ ಹೊರಗೇ ಇತ್ತಲ್ಲ. ಈಗ ಅದರ ನೆತ್ತಿಯ ಮೇಲೊಂದು ಸೌರ ಫಲಕವಿದೆ, ಬಾಗಿಲ ಬುಡದಲ್ಲಿ ಮರಳಿನ ಬಕೆಟ್ಟು.

ವಾರಕ್ಕೆ ನಾಲ್ಕೈದು ಬ್ಯಾಟರಿ ಬರುತ್ತವೆ. ಸೈಕಲ್ಲಿನದು, ಡ್ರಿಲ್ಲಿನದು, ಮೀನುಗಾರರ ದೋಣಿಯ ದೀಪದ್ದು. ಪ್ರತಿ ಸೆಲ್ಲನ್ನೂ ತುಂಬಿಸಿ, ಒಂದು ದಿನ ಸುಮ್ಮನೆ ಬಿಟ್ಟು, ಚಾರ್ಜು ಸೋರಿದೆಯೇ ಎಂದು ಅಳೆಯುತ್ತಾರೆ. ಉಬ್ಬಿದ್ದನ್ನು ಮುಟ್ಟುವುದೇ ಇಲ್ಲ. ಗಿರಾಕಿಗಳು ಮಾತ್ರ ಇವರನ್ನು ದಾಟಿ ಫೌಜಿಯನ್ನು ಹುಡುಕುತ್ತಾರೆ. "ಮೇಸ್ತ್ರಿ ಎಲ್ಲಿ?" ಎಂದರೆ ಫೌಜಿ ಗಂಭೀರವಾಗಿ ಕಾಯಿಲೆಯ ವಿವರ ಕೇಳಿಕೊಂಡು, "ಕೂತಿರಿ, ಮೇಸ್ತ್ರಿಗೆ ಕಾಫಿ ಮಾಡಿಕೊಟ್ಟು ಬರ್ತೀನಿ" ಎಂದು ಒಳಗೆ ಹೋಗುತ್ತಾರೆ.

ಕಳೆದ ತಿಂಗಳು ಲಬೀಬ್ ಮೇಷ್ಟ್ರು ಟ್ಯಾಕ್ಸಿಯ ಸುತ್ತ ಮೂರು ಸಲ ಸುತ್ತಿದರು. ಬಗಲಲ್ಲಿ ಪತ್ರಿಕೆಯಲ್ಲಿ ಸುತ್ತಿದ ಭಾರದ ಗಂಟು.

"ಪರಿಚಯದವರೊಬ್ಬರದು," ಎಂದರು.

ನಝೀಹಾ ಬಿಚ್ಚಿ ನೋಡಿದರು. ಗಾಲಿಕುರ್ಚಿಯ ಬ್ಯಾಟರಿ. ಓಣಿಯಲ್ಲಿ ಅಂಥ ಕುರ್ಚಿ ಇರುವುದು ಒಂದೇ, ಮೇಷ್ಟ್ರ ಹೆಂಡತಿ ವದಾದ್ ಅವರದು. ಏಳು ತಿಂಗಳಿಂದ ವದಾದ್ ಕಿಟಕಿಯ ಬಳಿಯೇ ಕೂತಿದ್ದರು. ಹೊಸ ಬ್ಯಾಟರಿ ಊರಲ್ಲಿ ಸಿಕ್ಕಿರಲಿಲ್ಲ.

"ನಿಮ್ಮ ಪರಿಚಯದವರು ಚೆನ್ನಾಗಿದಾರಾ?"

"ನನ್ನ ಮೇಲೆ ರೇಗ್ತಾ ಇದಾರೆ," ಎಂದ ಮೇಷ್ಟ್ರು ಕೂಡಲೇ ಅಧ್ಯಕ್ಷರ ದನಿ ತಂದುಕೊಂಡರು. "ನೋಡು, ಇದರಿಂದ ಏನಾದ್ರೂ ಅನಾಹುತ ಆದ್ರೆ ನಿನ್ನ ಈ ಟ್ಯಾಕ್ಸಿನೂ ಓಣಿ ಬಿಡಬೇಕು."

ಹನ್ನೊಂದು ದಿನ ಹಿಡಿಯಿತು. "ಅಂಗಿ ಹೊಲಿಗೆ ಬಿಟ್ರೆ ನಗ್ತಾರೆ ಅಷ್ಟೆ. ಇದರ ಮೇಲೆ ಒಬ್ಬಳು ಹೆಂಗಸು ಕೂರ್ತಾಳೆ," ಎನ್ನುತ್ತ ಮಾಡಿದ ಬೆಸುಗೆಯನ್ನು ಎರಡು ಸಲ ತಾವೇ ಕಿತ್ತು ಮತ್ತೆ ಹಾಕಿದರು. ಮೊದಲ ಚಾರ್ಜಿನ ದಿನ ಬೆಳಗಿನಿಂದ ಸಂಜೆಯವರೆಗೆ ಬ್ಯಾಟರಿಯ ಪಕ್ಕ ಸ್ಟೂಲು ಹಾಕಿಕೊಂಡು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ ನೋಡುತ್ತ ಕೂತಿದ್ದರು. ಅದು ಬೆಚ್ಚಗೂ ಆಗಲಿಲ್ಲ.

ಭಾನುವಾರ ವದಾದ್ ಕೆಳಗಿಳಿದರು. ತುಟಿಗೆ ಬಣ್ಣ, ಕೊರಳಿಗೆ ಮುತ್ತಿನ ಸರ. ಕಡಲ ದಂಡೆಯ ರಸ್ತೆ ಸಿಕ್ಕಿದ್ದೇ ತಡ ಕುರ್ಚಿಯ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದರು. "ನಿಧಾನ, ವದಾದ್! ಮುಂದೆ ಇಳಿಜಾರಿದೆ!" ಎಂದು ಮೇಷ್ಟ್ರು ಶಾಲು ಹಿಡಿದು ಓಡಿದರು. ಆಕೆ ತಿರುಗಿ ನೋಡಲಿಲ್ಲ. ದೀಪಸ್ತಂಭ ಕಾಣುವ ತಿರುವಿನವರೆಗೂ ಹೋಗಿ, ಎಳ್ಳು ರೊಟ್ಟಿ ಕೊಂಡು, ಒಬ್ಬರೇ ತಿಂದು, ತಿರುಗಿ ಬಂದರು.

"ಎಲ್ಲಾದ್ರೂ ನಿಂತುಬಿಟ್ರೆ ಅಂತ ನಾನೂ ಇಕ್ಕಳ ಹಿಡ್ಕೊಂಡು ಹಿಂದೇನೇ ಓಡಿದೆ," ಎನ್ನುತ್ತಾರೆ ನಝೀಹಾ, ನಗು ತಡೆಯಲಾರದೆ. "ಮೇಷ್ಟ್ರ ಕೈಗೂ ಸಿಗ್ಲಿಲ್ಲ, ನನ್ನ ಕೈಗೂ ಸಿಗ್ಲಿಲ್ಲ, ಮಹರಾಯ್ತಿ!"